ಒತ್ತದೇ ಇದ್ದಾಗ ನಿಲ್ಲುತ್ತೆ, ಒತ್ತಿದ್ರೆ ನಿಲ್ಲಲ್ಲ: ಮನೆ ಸಿಎನ್‌ಸಿ ಎಮರ್ಜೆನ್ಸಿ ಬಟನ್ ಸಮಸ್ಯೆ

ನಿಟ್ಟುವಳ್ಳಿ ಮರಗೆಲಸ:
ಎಲ್ರಿಗೂ ನಮಸ್ಕಾರ್ರೀ, ದಾವಣಗೆರೆಯಿಂದ ಬರೀತಿದೀನಿ. ಮನೆ ಹಿಂದಿನ ಶೀಟ್ ಶೆಡ್‌ನಾಗೆ ಎರಡಡಿ ಮೂರಡಿ ಬೆಡ್‌ದು ಒಂದು ಸಿಎನ್‌ಸಿ (ಕಂಪ್ಯೂಟರ್ ಹೇಳಿದಂಗೆ ಮರ ಕೊರೆಯೋ ಮಷೀನ್) ನಾನೇ ಕಟ್ಕೊಂಡಿದೀನಿ, ಮನೆ ಹೆಸರಿನ ಬೋರ್ಡು, ದೇವರ ಮನೆ ಬಾಗಿಲಿನ ಜಾಲರಿ ಇಂಥವೆಲ್ಲ ಕೊರೀತೀನಿ. ನಡೆಸೋಕೆ ಆರ್ಡುಯಿನೋ ಊನೋ ಅನ್ನೋ ಸಣ್ಣ ಬೋರ್ಡು, ಮೋಟಾರ್ ಜೋಡಿಸೋಕೆ ಅದರ ಮೇಲೆ ಶೀಲ್ಡ್ ಅನ್ನೋ ಇನ್ನೊಂದು ಬೋರ್ಡು, ಒಳಗೆ ಜಿಆರ್‌ಬಿಎಲ್ 1.1 ಸಾಫ್ಟ್‌ವೇರ್, ಕೊರೆಯೋಕೆ ನಮ್ಮ ಬಡಗಿಗಳು ಸನ್ಮೈಕಾ ಅಂಚು ಹೊಡೀತಾರಲ್ಲ ಆ ಟ್ರಿಮ್ಮರ್. ಅವಸರಕ್ಕೆ ನಿಲ್ಲಿಸೋಕೆ ಒಂದು ಕೆಂಪು ಅಣಬೆ ಬಟನ್ ಹಾಕೀನಿ.

ಹದಿನೈದು ದಿನದಿಂದ ಕೆಲಸದ ನಡುವೆ ಮಷೀನ್ ತಾನೇ ನಿಂತು ಬಿಡ್ತೈತಿ, ಸ್ಕ್ರೀನ್ ಮೇಲೆ ಅಲಾರಂ 3 ಅಂತ ಬರ್ತೈತಿ, ಬಟನ್ ಯಾರೂ ಮುಟ್ಟಿರಲ್ಲ. ನಿನ್ನೆ ಒಂದು ತೇಗದ ಬಾಗಿಲು ಹಾಕಿದ್ದೆ, ಎರಡೂವರೆ ತಾಸು ಚಲೋ ಓಡಿ ಆಮೇಲೆ ನಿಂತೈತಿ, ಅದೂ ಬಿಟ್ ಮರದೊಳಗೆ ಇರೋವಾಗ. ಎಕ್ಸ್ ವೈ (ಬಿಟ್‌ನ ಉದ್ದಕ್ಕೆ ಅಡ್ಡಕ್ಕೆ ಒಯ್ಯೋ ಮೋಟಾರು) ನಿಂತವು, ಟ್ರಿಮ್ಮರ್ ಮಾತ್ರ ಅದೇ ಜಾಗದಾಗೆ ಗುಯ್ಯ್ ಅಂತ ತಿರುಗ್ತಾನೇ ಐತಿ. ನಾನು ಅಂಗಳದಾಗೆ ಇದ್ದೆ, ಮರ ಸುಟ್ಟ ವಾಸನೆ ಬಂತು ಅಂತ ಓಡಿ ಬಂದು ನೋಡಿದ್ರೆ ಎಳೆ ಹೊಗೆ ಏಳ್ತಾ ಐತಿ. ಬಟನ್ ಮೇಲೆ ಹೊಡೆದೆ, ಟ್ರಿಮ್ಮರ್ ನಿಲ್ಲಲಿಲ್ಲ. ಇನ್ನೊಂದ್ಸಲ ಹೊಡೆದೆ, ನಿಲ್ಲಲಿಲ್ಲ. ಕೊನೆಗೆ ಪ್ಲಗ್ ಕಿತ್ತೆ. ಬಾಗಿಲ ಮೇಲೆ ಹತ್ತು ರೂಪಾಯಿ ನಾಣ್ಯದಷ್ಟು ಕರೀ ವೃತ್ತ.

ನಮ್ಮ ಸ್ನೇಹಿತರೊಬ್ರು ಬಟನ್‌ನಿಂದಲೇ ತೊಂದ್ರೆ, ಅದರ ವೈರ್ ಕಿತ್ತಾಕಿ ಓಡ್ಸು ಅಂದ್ರು. ಗೃಹಪ್ರವೇಶಕ್ಕೆ ಕೊಡೋ ಬಾಗಿಲು, ಟೈಮ್ ಇಲ್ಲ. ಹಂಗೆ ಮಾಡ್ಲಾ? ಗೊತ್ತಿದ್ದೋರು ದಯವಿಟ್ಟು ಹೇಳ್ರಿ.

ಸಣ್ಣ ಮಷೀನ್ 3018:
ಕಿತ್ತಾಕ್ರಿ ಬ್ರದರ್. ನಂದು 3018 ಅನ್ನೋ ಸಣ್ಣ ಸಿಎನ್‌ಸಿ, ಬಟನ್ನೇ ಇಲ್ಲ, ಎರಡು ವರ್ಷದಿಂದ ಓಡ್ತೈತಿ. ಏನಾದ್ರೂ ಆದ್ರೆ ಪ್ಲಗ್ ಐತಲ್ಲ.

ಹರಿಹರ ಲೇತ್:
ಕೀಳಬೇಡ್ರಿ. ಮೊದ್ಲು ಅದೊಂದು ಹೇಳ್ತೀನಿ, ಉಳಿದಿದ್ದು ಆಮೇಲೆ.

ನಮ್ಮಪ್ಪ ಹರಿಹರದಾಗೆ ಮೈಸೂರ್ ಕಿರ್ಲೋಸ್ಕರ್‌ನಲ್ಲಿ ಲೇತ್ ಜೋಡಿಸೋ ಕೆಲಸದಾಗೆ ಇದ್ರು, ನಾನು ಚಿಕ್ಕೋನಿದ್ದಾಗ ಅವರು ಮನೇಲಿ ಒಂದು ಮಾತು ಯಾವಾಗ್ಲೂ ಹೇಳೋರು, ಮಷೀನ್ ಚಾಲೂ ಮಾಡೋದನ್ನ ಕಲಿಯೋಕಿಂತ ಮುಂಚೆ ನಿಲ್ಲಿಸೋದು ಕಲಿ ಅಂತ. ನಮ್ಮ ಸೋದರಮಾವಂದು ಊರಾಗೆ ಹಿಟ್ಟಿನ ಗಿರಣಿ ಇತ್ತು, ಸ್ವಿಚ್ಚು ಬಾಗಿಲ ಪಕ್ಕದ ಗೋಡೆ ಮೇಲೆ, ಬೆಲ್ಟು ಈ ಕಡೆ ಗೋಡೆಗೆ. ಅಂಗಿ ತೋಳು ಸಿಕ್ಕಾಗ ಸ್ವಿಚ್ ಮುಟ್ಟೋಕೆ ಇನ್ನೊಬ್ರು ಓಡಿ ಬರಬೇಕಾಯ್ತು. ಮಾವಂಗೆ ಬಲಗೈ ಎರಡು ಬೆರಳಿನ ತುದಿ ಇಲ್ಲ. ಪ್ಲಗ್ ಐತಲ್ಲ ಅಂತ ಯಾರೋ ಮೇಲೆ ಬರೆದಿದಾರೆ, ಅದಕ್ಕೇ ಇದು ಹೇಳ್ದೆ.

ಈಗ ನಿಮ್ಮದು ನೋಡ್ರಿ, ಒಂದು ತೊಂದ್ರೆ ಅಲ್ಲ ಅದು, ಎರಡು. ಒಂದು, ಒತ್ತದೇ ನಿಲ್ತೈತಿ. ಇನ್ನೊಂದು, ಒತ್ತಿದ್ರೂ ನಿಲ್ಲಲ್ಲ. ಮೊದಲನೇದು ಕೆಲಸ ಕೆಡಿಸ್ತೈತಿ, ಎರಡನೇದು ಕೈ ಕೆಡಿಸ್ತೈತಿ. ನೀವು ಕೇಳ್ತಿರೋದು ಮೊದಲನೇದ್ರ ಬಗ್ಗೆ ಮಾತ್ರ. ಪೂರ್ತಿ ಪವರ್ ಆಫ್ ಮಾಡಿ, ಬಟನ್ ವೈರ್ ಎರಡೂ ಬಿಚ್ಚಿ, ಮಲ್ಟಿಮೀಟರ್ ಬೀಪ್ ಮೋಡ್‌ಗೆ ಹಾಕಿ ಬಟನ್ನು ಹತ್ತು ಸಲ ಒತ್ತಿ ಬಿಟ್ಟು ನೋಡ್ರಿ. ಬೀಪ್ ಯಾವಾಗ ಬರ್ತೈತಿ, ಒತ್ತಿದಾಗ್ಲೋ ಬಿಟ್ಟಾಗ್ಲೋ, ಹತ್ತಕ್ಕೆ ಎಷ್ಟು ಸಲ, ಬರೀರಿ.

ಬಿಇ ಮೂರನೇ ವರ್ಷ:
ಸರ್, ನಾನು ದಾವಣಗೆರೇಲೇ ಓದ್ತಿರೋದು. ಜಿಆರ್‌ಬಿಎಲ್‌ನಲ್ಲಿ ಅಲಾರಂ 3 ಅಂದ್ರೆ ಓಡ್ತಿರುವಾಗ ರೀಸೆಟ್ ಆಗಿದೆ, ಈಗ ಮಷೀನ್ ಎಲ್ಲಿದೆ ಅಂತ ನಂಬಕ್ಕಾಗಲ್ಲ ಅಂತ ಅರ್ಥ. ಬಟನ್ ಹೋಗಿರೋದು ಎ0 ಪಿನ್‌ಗೆ ಅಲ್ವಾ, ಅದು ಅಬಾರ್ಟ್ ಪಿನ್, ಅಂದ್ರೆ ಕೆಲಸ ಅಲ್ಲಿಗೇ ನಿಲ್ಲಿಸೋದು. ಆ ಪಿನ್ ಸುಮ್ಮನಿದ್ದಾಗ ಚಿಪ್ ಒಳಗಿನ ಪುಲ್‌ಅಪ್ ರೆಸಿಸ್ಟರ್ ಅದನ್ನ 5 ವೋಲ್ಟ್‌ನಲ್ಲಿ ಹಿಡಿದಿರುತ್ತೆ, ಗ್ರೌಂಡ್‌ಗೆ ತಾಗಿದ್ರೆ ರೀಸೆಟ್. ಆ ಪುಲ್‌ಅಪ್ 20 ರಿಂದ 50 ಕಿಲೋ ಓಮ್, ತುಂಬಾ ಬಲಹೀನ. ಉದ್ದ ವೈರ್ ಸಿಕ್ಕಿಸಿದ್ರೆ ಅದೇ ಏರಿಯಲ್ ಆಗ್ಬಿಡುತ್ತೆ. ಟ್ರಿಮ್ಮರ್‌ನಲ್ಲಿ ಕಾರ್ಬನ್ ಬ್ರಷ್ ಇದೆ, ಅದರ ಕಿಡಿಯ ನಾಯ್ಸ್ ಆ ವೈರ್‌ಗೆ ಹತ್ಕೊಂಡ್ರೆ ಪಿನ್ ಒಂದು ಕ್ಷಣ ಬಿದ್ರೂ ಸಾಕು, ಬಟನ್ ಒತ್ತಿದ ಲೆಕ್ಕ.

ಪರೀಕ್ಷೆ ಸುಲಭ ಸರ್. ಅದೇ ಫೈಲ್ ಬಿಟ್ ಮೇಲೆತ್ತಿ ಗಾಳೀಲಿ ಓಡ್ಸಿ, ಮೊದಲು ಟ್ರಿಮ್ಮರ್ ಆಫ್ ಇಟ್ಟು, ಆಮೇಲೆ ಆನ್ ಮಾಡಿ. ಇನ್ನೊಂದು, ಬಟನ್ ಒತ್ತಿ ಹಿಡಿದು ಟರ್ಮಿನಲ್‌ನಲ್ಲಿ ಪ್ರಶ್ನೆ ಚಿಹ್ನೆ ಕಳ್ಸಿದ್ರೆ ಬರೋ ಉತ್ತರದಲ್ಲಿ ಪಿಎನ್ ಅಂತ ಇದ್ದು ಪಕ್ಕ ಆರ್ ಇರ್ಬೇಕು. ಇಲ್ಲ ಅಂದ್ರೆ ಒತ್ತಿದ್ದು ಬೋರ್ಡ್‌ಗೆ ಮುಟ್ಟೇ ಇಲ್ಲ.

ನಿಟ್ಟುವಳ್ಳಿ ಮರಗೆಲಸ:
ಮಾಡಿದೆ. ಬೀಪ್ ಬರೋದು ಒತ್ತಿದಾಗ, ಅದೂ ಹತ್ತಕ್ಕೆ ಆರು ಸಲ ಮಾತ್ರ!! ನಾಕು ಸಲ ಒತ್ತಿ ಲಾಕ್ ಆಗಿ ಕೂತ್ರೂ ಬೀಪ್ ಇಲ್ಲ. ಟ್ರಿಮ್ಮರ್ ಆಫ್ ಇಟ್ಟು ಗಾಳ್ಯಾಗೆ ಒಂದು ತಾಸು ಓಡಿಸ್ದೆ, ಏನೂ ಆಗ್ಲಿಲ್ಲ. ಆನ್ ಮಾಡಿದ್ದೇ ತಡ, ಎಂಟು ಹತ್ತು ನಿಮಿಷಕ್ಕೆ ಅಲಾರಂ 3. ತಮ್ಮಾ ನೀನು ಹೇಳಿದ್ದು ಸರಿ ಐತಿ.

ಆಮೇಲೆ ಬಟನ್ ಬಿಚ್ಚಿದೆ. ಹಿಂದೆ ಹಸಿರು ಬಣ್ಣದ ಒಂದು ಬ್ಲಾಕ್ ಐತಿ, 3 ಮತ್ತೆ 4 ಅಂತ ಬರೆದೈತಿ. ಒಳಗೆ ಎಂಡಿಎಫ್ ಪುಡಿ ಮೈದಾ ಹಿಟ್ಟಿನಂಗೆ ಒತ್ತಿ ಕೂತೈತಿ, ಕಡ್ಡಿಯಿಂದ ಕೆರೆದ್ರೆ ಬಿಲ್ಲೆ ಬಿಲ್ಲೆಯಾಗಿ ಬಂತು. ಕಾಂಟ್ಯಾಕ್ಟ್ ಬೆಳ್ಳಿ ಚುಕ್ಕೆ ಕಪ್ಪಾಗೈತಿ. ಬಟನ್ ವೈರು ಟ್ರಿಮ್ಮರ್ ವೈರು ಎರಡನ್ನೂ ನಾನೇ ಅಂದ ಕಾಣ್ಲಿ ಅಂತ ಒಂದೇ ಪೈಪ್‌ನಾಗೆ ಸೇರಿಸಿ ಟೈ ಹಾಕಿದ್ದೆ, ಮೂರು ಮೀಟರ್ ಉದ್ದ ಜೋಡಿಯಾಗೇ ಬಂದಾವೆ.

ಸ್ಟಾರ್ಟರ್ ರಿಪೇರಿ ಚಳ್ಳಕೆರೆ:
ಅಣ್ಣಾ ನಾನು ಬೋರ್‌ವೆಲ್ ಸ್ಟಾರ್ಟರ್, ಪ್ಯಾನೆಲ್ ರಿಪೇರಿ ಮಾಡೋನು, ಸಿಎನ್‌ಸಿ ಮುಟ್ಟಿಲ್ಲ, ಆದ್ರೆ ಹಸಿರು ಬ್ಲಾಕ್ ಅಂದ ತಕ್ಷಣ ಎದೆ ಧಸಕ್ ಅಂತು. ಹಸಿರು ಅಂದ್ರೆ ಎನ್‌ಓ, ಒತ್ತಿದಾಗ ಸೇರೋದು, ಅದು ಸ್ಟಾರ್ಟ್ ಬಟನ್‌ಗೆ ಹಾಕೋದು ಕಣಣ್ಣ. ಸ್ಟಾಪ್‌ಗೆ ಯಾವತ್ತೂ ಕೆಂಪು ಬ್ಲಾಕ್, ಎನ್‌ಸಿ, 1 ಮತ್ತೆ 2 ಅಂತ ಇರ್ತದೆ, ಸುಮ್ನಿದ್ದಾಗ ಸೇರಿರ್ಬೇಕು, ಒತ್ತಿದಾಗ ಬಿಡಬೇಕು. ಯಾಕೆ ಹೇಳ್ತೀನಿ ಕೇಳಿ, ನಿಮ್ಮ ಎನ್‌ಓ ಬಟನ್ ವೈರು ಇಲಿ ಕಡಿದ್ರೆ, ಸ್ಕ್ರೂ ಸಡ್ಲ ಆದ್ರೆ, ಪುಡಿ ಕೂತ್ರೆ, ಮಷೀನ್ ಏನೂ ಹೇಳಲ್ಲ, ಆರಾಮಾಗಿ ಓಡ್ತದೆ. ನೀವು ಬಟನ್ ಐತೆ ಅಂತ ನಂಬ್ಕೊಂಡಿರ್ತೀರ, ಬೇಕಾದ ದಿನ ಅದು ಇರಲ್ಲ. ಎನ್‌ಸಿ ಆದ್ರೆ ಅದೇ ಇಲಿ ಕಡಿದ ಕ್ಷಣಕ್ಕೇ ಮಷೀನ್ ನಿಲ್ತದೆ. ಬೇಜಾರಾಗ್ತದೆ, ಬೈಕೊಂಡು ರಿಪೇರಿ ಮಾಡ್ತೀರ, ಕೈ ಉಳೀತದೆ.

ಎರಡನೇದು, ನಿಮ್ಮ ಬಟನ್ ಹೋಗಿರೋದು ಬರೀ ಆರ್ಡುಯಿನೋಗೆ. ಟ್ರಿಮ್ಮರ್ ಗೋಡೆ ಬೋರ್ಡಿಂದ ನೇರ. ಹಂಗಾದ್ರೆ ಬಟನ್ ಹೊಸದಿದ್ರೂ ಟ್ರಿಮ್ಮರ್ ಹೆಂಗೆ ನಿಲ್ತದೆ? ನಿನ್ನೆ ನೀವು ಎಷ್ಟು ಹೊಡೆದ್ರೂ ನಿಲ್ಲದೇ ಇದ್ದಿದ್ದು ಅದಕ್ಕೇನೇ, ಪುಡಿಯಿಂದ ಅಲ್ಲ.

ಹೊಲದಾಗೆ ಪಂಪ್ ಸ್ಟಾರ್ಟರ್ ಪೆಟ್ಟಿಗೆ ನೋಡಿರ್ತೀರಲ್ಲ. ಹಸಿರು ಒತ್ತಿದ್ರೆ ಟಕ್ ಅಂತ ಕಾಂಟ್ಯಾಕ್ಟರ್ (ಕಾಯಿಲ್‌ಗೆ ಕರೆಂಟ್ ಬಂದ್ರೆ ಸೇರೋ ಸ್ವಿಚ್ಚು) ಎಳ್ಕೊಂತದೆ, ಕೈ ಬಿಟ್ರೂ ತನ್ನದೇ ಒಂದು ಸಣ್ಣ ಕಾಂಟ್ಯಾಕ್ಟ್‌ನಿಂದ ಹಿಡ್ಕೊಂಡಿರ್ತದೆ, ಕೆಂಪು ಒತ್ತಿದ್ರೆ ಬಿಡ್ತದೆ. ಕರೆಂಟ್ ಹೋದ್ರೂ ಬಿಡ್ತದೆ, ವಾಪಸ್ ಬಂದಾಗ ತಾನೇ ಚಾಲೂ ಆಗಲ್ಲ, ಹಸಿರು ಮತ್ತೆ ಒತ್ಬೇಕು. ರಾತ್ರಿ ಕರೆಂಟ್ ಬಂದಾಗ ತಾನೇ ಓಡ್ಲಿ ಅಂತ ರೈತರು ಆಟೋ ಸ್ಟಾರ್ಟರ್ ಹಾಕ್ಸೋದು ಅದಕ್ಕೇ. ನೀರಿಗೆ ಅದು ನಡೀತದೆ, ಬ್ಲೇಡ್ ತಿರುಗೋ ಮಷೀನ್‌ಗೆ ನಡೆಯಲ್ಲ ಕಣಣ್ಣ, ಬಿಟ್ ಬದಲಾಯಿಸ್ತಾ ಕೈ ಕೆಳಗಿಟ್ಟಾಗ ಕರೆಂಟ್ ಬಂದ್ರೆ?

ಒಂದು 9 ಆಂಪಿಯರ್ ಕಾಂಟ್ಯಾಕ್ಟರ್ ತಗೊಳ್ಳಿ, ಟ್ರಿಮ್ಮರ್ ಫೇಸು ನ್ಯೂಟ್ರಲ್ ಅದರ ಮೂಲಕ ಹಾಯಿಸಿ. ಕಂಟ್ರೋಲ್ ಲೈನು ಎಮರ್ಜೆನ್ಸಿ ಎನ್‌ಸಿ ಮೂಲಕ ಬಂದು ಹಸಿರು ಸ್ಟಾರ್ಟ್‌ಗೆ, ಅಲ್ಲಿಂದ ಕಾಯಿಲ್ ಎ1ಗೆ, ಎ2 ವಾಪಸ್. ಸ್ಟಾರ್ಟ್ ಬಟನ್‌ಗೆ ಪ್ಯಾರಲಲ್ ಆಗಿ ಕಾಂಟ್ಯಾಕ್ಟರ್‌ದೇ ಸಣ್ಣ ಕಾಂಟ್ಯಾಕ್ಟ್, 13, 14 ಅಂತ ಬರೆದಿರೋದು. ಅಷ್ಟೇ. ಚಳ್ಳಕೆರೆ ಎಣ್ಣೆ ಮಿಲ್‌ನಾಗೂ ಇದೇ, ಹೊಲದಾಗೂ ಇದೇ. ಕಾಯಿಲ್ 230 ವೋಲ್ಟ್‌ದು ಕೇಳಿ ತಗೊಳ್ಳಿ.

ದುರ್ಗದ ಗಾಳಿಯಂತ್ರ:
ಚಳ್ಳಕೆರೆ ಅಣ್ಣ ಹೇಳಿದ್ದಕ್ಕೆ ಪೂರ್ತಿ ಒಪ್ಪಿಗೆ, ಒಂದೇ ಒಂದು ತಕರಾರು. ಕಾಯಿಲ್ 230 ಬೇಡ. ಆ ಬಟನ್ ಇನ್ನೊಂದು ಬ್ಲಾಕ್‌ನಿಂದ ಆರ್ಡುಯಿನೋಗೆ 5 ವೋಲ್ಟ್ ಹೋಗ್ತದೆ, ಒಂದೇ ಪ್ಲಾಸ್ಟಿಕ್ ಗೂಡಿನಾಗೆ 230 ಮತ್ತು 5 ಅಕ್ಕಪಕ್ಕ, ಅದರೊಳಗೆ ಮರದ ಪುಡಿ. ಒಂದು ಎಳೆ ವೈರ್ ಜಾರಿದ್ರೆ ಬೋರ್ಡ್ ಸುಡೋದಿರ್ಲಿ, ಯುಎಸ್‌ಬಿ ಮೂಲಕ ಲ್ಯಾಪ್‌ಟಾಪ್ ಮುಟ್ಟಿದೋರಿಗೂ ಶಾಕ್. ಸ್ಟೆಪ್ಪರ್ ಮೋಟಾರ್‌ಗೆ 24 ವೋಲ್ಟ್ ಎಸ್‌ಎಂಪಿಎಸ್ (230 ಎಸಿನ ಡಿಸಿ ಮಾಡೋ ಪೆಟ್ಟಿಗೆ) ಹೆಂಗೂ ಇರ್ತದೆ, 24 ವೋಲ್ಟ್ ಡಿಸಿ ಕಾಯಿಲ್ ಇರೋ ಕಾಂಟ್ಯಾಕ್ಟರ್ ತರ್ಸಿ. ಆ ಎಸ್‌ಎಂಪಿಎಸ್ ಸತ್ರೂ ಕಾಂಟ್ಯಾಕ್ಟರ್ ಬಿಡ್ತದೆ, ಒಳ್ಳೇದೇ.

ಇನ್ನೊಂದು ಲಾಭ ಐತೆ, ಇದನ್ನ ಭಾಳ ಜನ ಗಮನಿಸಲ್ಲ. ಈ ದೊಡ್ಡ ಬಟನ್‌ಗಳ ಬೆಳ್ಳಿ ಕಾಂಟ್ಯಾಕ್ಟ್ ಮಾಡಿರೋದು ಆಂಪಿಯರ್ ಲೆಕ್ಕದ ಕರೆಂಟ್‌ಗೆ. ನೀವು ಅದ್ರಾಗೆ ಹರಿಸ್ತಿದ್ದಿದ್ದು 5 ವೋಲ್ಟ್, ಅದೂ ಒಂದು ಮಿಲಿ ಆಂಪಿಯರ್‌ಗೂ ಕಡಿಮೆ. ಕಾಂಟ್ಯಾಕ್ಟ್ ಮೇಲೆ ಕಪ್ಪು ಪೊರೆ ಕಟ್ಟಿದ್ರೆ ಅದನ್ನ ಒಡೆದು ಹೋಗೋ ಶಕ್ತಿ ಆ ಕರೆಂಟ್‌ಗೆ ಇಲ್ಲ. ಕಾಯಿಲ್ ಕರೆಂಟ್ ನೂರು ಇನ್ನೂರು ಮಿಲಿ ಆಂಪಿಯರ್ ಆಸುಪಾಸು ಹರೀತಿದ್ರೆ ಕಾಂಟ್ಯಾಕ್ಟ್ ತಾನೇ ಚೊಕ್ಕ ಇರ್ತದೆ. ಡಿಸಿ ಕಾಯಿಲ್‌ಗೆ ಅಡ್ಡವಾಗಿ ಒಂದು 1ಎನ್4007 ಡಯೋಡ್ ಹಾಕಿ, ಗೆರೆ ಇರೋ ಕಡೆ ಪ್ಲಸ್‌ಗೆ. ಇಲ್ಲ ಅಂದ್ರೆ ಕಾಂಟ್ಯಾಕ್ಟರ್ ಬಿಡೋವಾಗಿನ ಕಿಡಿನೇ ಹೊಸ ನಾಯ್ಸ್ ಆಗ್ತದೆ.

ನಾನು ಜೋಗಿಮಟ್ಟಿ ಕಡೆ ಗುಡ್ಡದ ಮೇಲೆ ಗಾಳಿಯಂತ್ರದ ಕೆಲಸದಾಗಿದೀನಿ. ಟವರ್ ಬುಡದಾಗೂ ಎಮರ್ಜೆನ್ಸಿ ಬಟನ್ ಐತೆ, ಮೇಲೆ ನಸೆಲ್ (ತುದೀಲಿರೋ ಯಂತ್ರದ ಗೂಡು) ಒಳಗೂ ಐತೆ. ಸರ್ವಿಸ್‌ಗೆ ಹೋದಾಗ ಅದನ್ನ ಒತ್ತಿ ನೋಡದೆ ನಾವು ಮುಂದಿನ ಕೆಲಸಕ್ಕೆ ಕೈ ಹಾಕಲ್ಲ. ಒಂದ್ಸಲ ನನ್ನ ಕೈಲೇ ಒಂದು ಪ್ಯಾನೆಲ್ ಬಟನ್ ಸಿಕ್ಕಿತ್ತು, ಒತ್ತಿದ್ರೆ ಕಟಕ್ ಅಂತ ಚೆನ್ನಾಗೇ ಕೂತ್ಕೊಂತದೆ, ಮಷೀನ್ ನಿಲ್ಲಲ್ಲ. ಹಿಂದೆ ಕ್ಲಿಪ್ ಮುರಿದು ಎನ್‌ಸಿ ಬ್ಲಾಕೇ ಕಳಚಿ ವೈರ್ ಮೇಲೆ ನೇತಾಡ್ತಿತ್ತು. ಬ್ಲಾಕ್ ಕಳಚಿದ್ರೆ ಎನ್‌ಸಿ ಸೇರ್ಕೊಂಡೇ ಇರ್ತದೆ, ಒತ್ತಿದ್ದು ಅದಕ್ಕೆ ಮುಟ್ಟೋದೇ ಇಲ್ಲ. ಎನ್‌ಸಿ ಹಾಕಿದ ಮಾತ್ರಕ್ಕೆ ಮುಗೀತು ಅನ್ಕೋಬೇಡಿ, ಹಿಂದೆ ಬ್ಲಾಕ್ ಹಿಡ್ಕೊಂಡು ಎಳೆದು ಅಲ್ಲಾಡ್ಸಿ ನೋಡಿ. ಬ್ಲಾಕ್ ಕಳಚಿದ್ರೆ ತಾನೇ ಸರ್ಕ್ಯೂಟ್ ಬಿಡೋ ಜಾತಿದೂ ಸಿಕ್ತದೆ, ರೇಟ್ ಜಾಸ್ತಿ. ಮೈ ಮೇಲೆ ವೃತ್ತದೊಳಗೆ ಬಾಣದ ಗುರುತು ಐತಾ ನೋಡಿ ತಗೊಳ್ಳಿ, ಅದ್ರ ಅರ್ಥ ಕಾಂಟ್ಯಾಕ್ಟ್ ಬೆಸುಗೆ ಹಿಡಿದಿದ್ರೂ ಒತ್ತಿದ ಬಲವೇ ನೇರವಾಗಿ ಕಿತ್ತು ಬಿಡಿಸ್ತದೆ, ಸ್ಪ್ರಿಂಗ್ ನಂಬ್ಕೊಂಡಿರಲ್ಲ.

ಸಣ್ಣ ಮಷೀನ್ 3018:
ಕಿತ್ತಾಕ್ರಿ ಅಂದಿದ್ದು ನಾನೇ, ಓದಿ ಮನಸ್ಸಿಗೆ ಕಸಿವಿಸಿ ಆಯ್ತು. ನಮ್ಮ ಮಗಳು ಆರನೇ ಕ್ಲಾಸು, ಪಕ್ಕದಾಗೆ ಕೂತು ನೋಡ್ತಾಳೆ, ಜಡೆ ಉದ್ದ ಐತಿ. ನಂದು ಪೂರ್ತಿ 24 ವೋಲ್ಟ್ ಮಷೀನು, ಸ್ಪಿಂಡಲ್ಲೂ ಅದ್ರಾಗೇ. ನಾನು ಏನು ಮಾಡ್ಬೇಕು? ಡಿಸಿ ವೈರ್ ನಡುವೆ ಬಟನ್ ಹಾಕಿದ್ರೆ ಸಾಕಾ?

ದುರ್ಗದ ಗಾಳಿಯಂತ್ರ:
ನಿಮ್ಮದು ಸುಲಭ. ಆದ್ರೆ ಡಿಸಿ ಲೈನ್ ನಡುವೆ ನೇರ ಹಾಕ್ಬೇಡಿ. ಎಸಿ ಆದ್ರೆ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರ್ತದೆ, ಕಿಡಿ ತಾನೇ ಆರ್ತದೆ, ಡಿಸಿಗೆ ಆ ಸೊನ್ನೆ ಇಲ್ಲ, ಕಿಡಿ ಎಳ್ಕೊಂಡು ಕಾಂಟ್ಯಾಕ್ಟ್ ಸುಡ್ತದೆ. ಬಟನ್ ಮೇಲೆ 10 ಆಂಪಿಯರ್ ಅಂತ ಬರೆದಿರೋದು ಎಸಿಗೆ, ಡಿಸಿಗೆ ಅದು ಭಾಳ ಕಮ್ಮಿ. ಅಡಾಪ್ಟರ್‌ಗೆ ಹೋಗೋ 230 ಕಡೆ ಕಟ್ ಮಾಡಿ, ಬಟನ್ನು ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೇ ಕೂರಿಸ್ಬೇಕು, ಹತ್ತಿರದ ಎಲೆಕ್ಟ್ರಿಷಿಯನ್ ಕೈಲಿ ಮಾಡ್ಸಿ. ಅಡಾಪ್ಟರ್ ಕೆಪಾಸಿಟರ್‌ನಾಗೆ ಉಳಿದ ಚಾರ್ಜ್‌ನಿಂದ ಸ್ವಲ್ಪ ಹೊತ್ತು ತಿರುಗ್ತದೆ, ಅದನ್ನ ಕಣ್ಣಾರೆ ನೋಡಿ ಇಟ್ಕೊಳ್ಳಿ. ಮಗಳಿಗೆ ಜಡೆ ತುರುಬು ಕಟ್ಟಿಸಿ ಕೂರ್ಸಿ.

ಬಿಇ ಮೂರನೇ ವರ್ಷ:
ಮರಗೆಲಸ ಸರ್, ಆರ್ಡುಯಿನೋ ಕಡೆದು ನಾನು ಹೇಳ್ತೀನಿ. ಎರಡನೇ ಎನ್‌ಸಿ ಬ್ಲಾಕ್‌ನ ಎ0 ಮತ್ತು ಗ್ರೌಂಡ್ ನಡುವೆ ಹಾಕಿ. ಎ0 ಇಂದ 5 ವೋಲ್ಟ್‌ಗೆ 1 ಕಿಲೋ ಓಮ್ ರೆಸಿಸ್ಟರ್, ಎ0 ಇಂದ ಗ್ರೌಂಡ್‌ಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್, ಎರಡೂ ಬೋರ್ಡ್ ಹತ್ರಾನೇ ಇರ್ಲಿ. ಈಗ ಲೈನ್ ಸುಮ್ಮನಿದ್ದಾಗ ಗ್ರೌಂಡ್‌ಗೆ ಗಟ್ಟಿಯಾಗಿ ಕಟ್ಟಿಹಾಕಿದಂಗೆ ಇರುತ್ತೆ, ನಾಯ್ಸ್‌ಗೆ ಅಲ್ಲಾಡಲ್ಲ. ವೈರ್ ಕಿತ್ರೆ 5 ವೋಲ್ಟ್‌ಗೆ ಏರುತ್ತೆ, ಮಷೀನ್ ನಿಲ್ಲುತ್ತೆ.

ಜಿಆರ್‌ಬಿಎಲ್‌ಗೆ ಇದು ಉಲ್ಟಾ ಅನ್ನೋದು ತಿಳಿಸ್ಬೇಕು. ಡಾಲರ್ 5 ಸೆಟ್ಟಿಂಗ್ ಬದಲಾಯಿಸಿದ್ರೆ ಆಗುತ್ತೆ ಅಂತ ಕೆಲವ್ರು ಹೇಳ್ತಾರೆ, ಅದು ಲಿಮಿಟ್ ಸ್ವಿಚ್‌ಗೆ (ಬೆಡ್ ಅಂಚು ಮುಟ್ಟಿದ್ದು ತಿಳಿಸೋ ಸ್ವಿಚ್) ಮಾತ್ರ. ಕಂಟ್ರೋಲ್ ಪಿನ್‌ಗೆ ಕಾನ್ಫಿಗ್ ಫೈಲ್‌ನಲ್ಲಿ ಇನ್ವರ್ಟ್ ಕಂಟ್ರೋಲ್ ಪಿನ್ ಮಾಸ್ಕ್ ಅನ್ನೋ ಸಾಲು ಇದೆ, ಅದರಲ್ಲಿ ರೀಸೆಟ್ ಬಿಟ್ ಒಂದನ್ನೇ ತಿರುಗಿಸಿ ಮತ್ತೆ ಅಪ್‌ಲೋಡ್ ಮಾಡ್ಬೇಕು. ಎಲ್ಲಾ ಬಿಟ್ ತಿರುಗಿಸಿದ್ರೆ ಹೋಲ್ಡ್, ಸ್ಟಾರ್ಟ್ ಖಾಲಿ ಪಿನ್‌ಗಳೂ ಒತ್ತಿದಂಗೆ ಕಾಣ್ತವೆ. ಆಮೇಲೆ ಬಟನ್ ವೈರ್‌ನ ಟ್ರಿಮ್ಮರ್ ವೈರ್‌ನಿಂದ ದೂರ ಒಯ್ಯಿರಿ, ಅಡ್ಡ ಹಾಯ್ಬೇಕಾದ್ರೆ ಲಂಬವಾಗಿ ಹಾಯಿಸಿ. ಶೀಲ್ಡ್ (ಸುತ್ತ ಲೋಹದ ಹೊದಿಕೆ) ಇರೋ ಕೇಬಲ್ ಆದ್ರೆ ಶೀಲ್ಡ್ ಒಂದೇ ತುದೀಲಿ ಅರ್ತ್ ಮಾಡಿ.

ಹರಿಹರ ಲೇತ್:
ಟ್ರಿಮ್ಮರ್ ಬದಲು ವಿಎಫ್‌ಡಿ (ಮೋಟಾರ್ ವೇಗ ಬದಲಾಯಿಸೋ ಡ್ರೈವ್) ಸ್ಪಿಂಡಲ್ ಇರೋರೂ ಇದನ್ನ ಓದ್ತಿರ್ತೀರಿ, ಅವರಿಗೆ ಒಂದು ಮಾತು. ವಿಎಫ್‌ಡಿ ಮತ್ತು ಸ್ಪಿಂಡಲ್ ನಡುವೆ ಕಾಂಟ್ಯಾಕ್ಟರ್ ಹಾಕ್ಬೇಡ್ರಿ, ಓಡ್ತಿರುವಾಗ ಅಲ್ಲಿ ಬಿಡಿಸಿದ್ರೆ ಡ್ರೈವ್ ಹಾಳಾಗ್ಬಹುದು. ಒಳಬರೋ ಕಡೆ ಹಾಕ್ರಿ. 24,000 ಆರ್‌ಪಿಎಂ ಸ್ಪಿಂಡಲ್ ಕರೆಂಟ್ ಹೋದ್ರೂ ಸುಮಾರು ಹೊತ್ತು ತಾನೇ ತಿರುಗ್ತೈತಿ, ಅದಕ್ಕೇ ಎಮರ್ಜೆನ್ಸಿ ಸ್ಟಾಪ್‌ನ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಓ 13850ರಾಗೆ ಎರಡು ಬಗೆ ಒಪ್ಪಿದಾರೆ, ಕೆಟಗರಿ 0 ಅಂದ್ರೆ ತಕ್ಷಣ ಪವರ್ ಕಟ್, ಕೆಟಗರಿ 1 ಅಂದ್ರೆ ಮೊದಲು ಬ್ರೇಕ್ ಹಾಕಿ ನಿಲ್ಲಿಸಿ ಆಮೇಲೆ ಕಟ್. ಎರಡರಾಗೂ ಒಂದು ನಿಯಮ ಬದಲಾಗಲ್ಲ, ಬಟನ್ ತಿರುಗಿಸಿ ಬಿಡಿಸಿದ ಮಾತ್ರಕ್ಕೆ ಮಷೀನ್ ಚಾಲೂ ಆಗಬಾರ್ದು. ವಿಎಫ್‌ಡಿ ಒಳಗಿನ ಕೆಪಾಸಿಟರ್ ಕರೆಂಟ್ ತೆಗೆದ ಮೇಲೂ ನಿಮಿಷಗಟ್ಟಲೆ ಚಾರ್ಜ್ ಹಿಡ್ಕೊಂಡಿರ್ತೈತಿ, ಮುಚ್ಚಳ ತೆಗೀಬೇಡ್ರಿ.

ನಿಟ್ಟುವಳ್ಳಿ ಮರಗೆಲಸ:
ಎಲ್ರಿಗೂ ಒಂಬತ್ತು ದಿನ ಆದ್ಮೇಲೆ ಬರೀತಿದೀನಿ. ಇಲ್ಲಿ ಅಂಗಡ್ಯಾಗೆ ಕಾಂಟ್ಯಾಕ್ಟರ್ ಕೇಳಿದ್ರೆ ಒಂದು ಕೊಟ್ರು, ಅವಸರದಾಗೆ ಓದದೆ ತಂದೆ, ಮನೇಲಿ ನೋಡಿದ್ರೆ ಕಾಯಿಲ್ 415 ವೋಲ್ಟ್, ಪಂಪ್‌ಸೆಟ್‌ದು. ವಾಪಸ್ ಕೊಟ್ಟೆ. 24 ವೋಲ್ಟ್ ಡಿಸಿದು ಇಲ್ಲಿ ಸ್ಟಾಕ್ ಇರ್ಲಿಲ್ಲ, ಬೆಂಗಳೂರು ಎಸ್‌ಪಿ ರೋಡಿಂದ ತಮ್ಮನ ಕೈಲಿ ತರಿಸ್ದೆ, ಹಳದಿ ತಟ್ಟೆ ಇರೋ ಕೆಂಪು ಬಟನ್ನೂ, ಎರಡು ಎನ್‌ಸಿ ಬ್ಲಾಕ್, ಬಾಣದ ಗುರುತು ಐತಿ.

ಮೊದಲನೇ ಸಲ ಹಸಿರು ಒತ್ತಿದಾಗ ಕಾಂಟ್ಯಾಕ್ಟರ್ ಎಳ್ಕೊಂಡು ಕೈ ಬಿಟ್ಟ ಕೂಡ್ಲೇ ಬಿಟ್ಟು ಬಿಡ್ತು. 14ರ ಸ್ಕ್ರೂ ಕೆಳಗೆ ವೈರ್ ಬದಲು ಅದರ ರಬ್ಬರ್ ಸಿಕ್ಕಾಕ್ಕೊಂಡಿತ್ತು. ಸರಿಮಾಡಿದ ಮೇಲೆ ಗಟ್ಟಿಯಾಗಿ ಹಿಡೀತು. 230 ಕಡೆ ಕೆಲಸ ಎಲ್ಲ ನಮ್ಮ ಬೀದಿ ವೈರ್‌ಮನ್ ಅಣ್ಣನ ಕೈಲೇ ಮಾಡಿಸ್ದೆ, ಅರ್ತ್‌ನೂ ನೋಡಿದ್ರು.

ಟೆಸ್ಟ್ ಹಿಂಗೆ ಮಾಡಿದೆ. ಟ್ರಿಮ್ಮರ್ ಗಾಳ್ಯಾಗೆ ತಿರುಗ್ತಿದ್ದಾಗ ಬಟನ್ ಒತ್ತಿದೆ, ಟ್ರಿಮ್ಮರ್ ದನಿ ಇಳಿದು ನಿಂತು, ಸ್ಕ್ರೀನ್ ಮೇಲೆ ಅಲಾರಂ ಬಂತು. ಬಟನ್ ತಿರುಗಿಸಿ ಬಿಟ್ಟೆ, ಏನೂ ಚಾಲೂ ಆಗ್ಲಿಲ್ಲ. ಓಡ್ತಿರುವಾಗ ಮೇನ್ ಸ್ವಿಚ್ ಆಫ್ ಮಾಡಿ ಆನ್ ಮಾಡಿದೆ, ಟ್ರಿಮ್ಮರ್ ಸುಮ್ನಿತ್ತು. ಕಾಯಿಲ್‌ಗೆ ಹೋಗೋ ಬಟನ್ ವೈರ್ ಒಂದು ಬಿಚ್ಚಿ ಹಸಿರು ಒತ್ತಿದೆ, ಎಳ್ಕೊಳ್ಳಲೇ ಇಲ್ಲ. ಎ0 ವೈರ್ ಬಿಚ್ಚಿದೆ, ಬೋರ್ಡ್ ನಿಂತು, ಪ್ರಶ್ನೆ ಚಿಹ್ನೆ ಕಳಿಸಿದ್ರೆ ಆರ್ ತೋರಿಸ್ತು. ಹಿಂದಿನ ಬ್ಲಾಕ್ ಎರಡೂ ಹಿಡಿದು ಎಳೆದೆ, ಗಟ್ಟಿ ಅದಾವೆ.

ಗಾಳಿಯಂತ್ರದ ಅಣ್ಣ, ಒಂದು ಕೇಳ್ಬೇಕಿತ್ತು. ಎಸ್‌ಎಂಪಿಎಸ್ ಆಫ್ ಆದ್ರೆ ಜೆಡ್ ಆಕ್ಸಿಸ್ (ಮೇಲೆ ಕೆಳಗೆ ಹೋಗೋದು) ಟ್ರಿಮ್ಮರ್ ಭಾರಕ್ಕೆ ಅರ್ಧ ಇಂಚು ತಾನೇ ಕೆಳಗಿಳೀತೈತಿ. ಬಟನ್ ಒತ್ತಿದ್ರೆ ಇಳಿಯಲ್ಲ, ಕರೆಂಟ್ ಹೋದ್ರೆ ಮಾತ್ರ.

ದುರ್ಗದ ಗಾಳಿಯಂತ್ರ:
ಒಳ್ಳೇದು ನೋಡಿದ್ರಿ. ಬಟನ್ನು ಸ್ಟೆಪ್ಪರ್ ಪವರ್ ಕಟ್ ಮಾಡಲ್ಲ ಅನ್ನೋದು ನಿಮ್ಮ ಮಷೀನ್‌ಗೆ ಸರಿನೇ, ಜೆಡ್ ಹಿಡ್ಕೊಂಡಿರ್ತದೆ. ಕರೆಂಟ್ ಹೋದಾಗ ಇಳೀಬಾರ್ದು ಅಂದ್ರೆ ಜೆಡ್‌ನ ಮೇಲಕ್ಕೆ ಎಳೆಯೋ ಸ್ಪ್ರಿಂಗ್ ಕಟ್ಟಿ, ಇಲ್ಲ ಅದನ್ನ ಏರಿಳಿಸೋ ಲೀಡ್ ಸ್ಕ್ರೂ ಪಿಚ್ (ಎಳೆಗಳ ನಡುವಿನ ಅಂತರ) ಸಣ್ಣದು ಹಾಕಿ. ಪ್ರತಿ ಸಲ ಅಲಾರಂ ಆದ್ಮೇಲೆ ಹೋಮಿಂಗ್ (ಮಷೀನ್‌ನ ಶುರುವಿನ ಜಾಗಕ್ಕೆ ಒಯ್ದು ಲೆಕ್ಕ ಸರಿಮಾಡೋದು) ಮಾಡದೆ ಅದೇ ಜಾಗದಿಂದ ಮುಂದುವರಿಸ್ಬೇಡಿ.

ಸ್ಟಾರ್ಟರ್ ರಿಪೇರಿ ಚಳ್ಳಕೆರೆ:
ಅಣ್ಣಾ ಬಟನ್ ಎಲ್ಲಿ ಕೂರ್ಸಿದ್ರಿ? ಅದು ಹೇಳಲೇ ಇಲ್ವಲ್ಲ.

ನಿಟ್ಟುವಳ್ಳಿ ಮರಗೆಲಸ:
ಹಳೇದು ಮಷೀನ್ ಹಿಂದುಗಡೆ ಇತ್ತು, ತಿರುಗೋ ಬಿಟ್ ದಾಟಿ ಕೈ ಚಾಚ್ಬೇಕಿತ್ತು. ಈಗ ಮುಂದಿನ ಕಾಲಿಗೆ, ಎಡಗಡೆ, ಸೊಂಟದ ಎತ್ತರಕ್ಕೆ ಹಾಕೀನಿ. ನಮ್ಮ ಮನೆಯವ್ರನ್ನೂ ಕರೆದು ನಿಲ್ಲಿಸಿ ಒತ್ತಿಸಿದೆ, ಅಂಗೈಲಿ ಒಂದೇ ಏಟಿಗೆ ನಿಲ್ಲಿಸಿದ್ರು. ಪುಡಿ ಹೋಗದಂಗೆ ಹಿಂದೆ ರಬ್ಬರ್ ಬೂಟು ಹಾಕೀನಿ, ಪ್ರತಿ ಶನಿವಾರ ಶೆಡ್ ಗುಡಿಸೋವಾಗ ಒಂದ್ಸಲ ಒತ್ತಿ ನೋಡ್ತೀನಿ. ತೇಗದ ಬಾಗಿಲಿನ ಸುಟ್ಟ ವೃತ್ತದ ಮೇಲೆ ಒಂದು ಕಮಲ ಕೊರೆದು ಮುಚ್ಚಿದೆ, ಮನೆಯವರಿಗೆ ನಡೆದಿದ್ದು ಹೇಳೇ ಕೊಟ್ಟೆ, ಒಪ್ಕೊಂಡ್ರು. ನಿನ್ನೆ ನಾಕು ತಾಸಿನ ಜಾಲರಿ ಒಂದ್ಸಲನೂ ನಿಲ್ಲದೆ ಮುಗೀತು.